ಮೈಕಿನ ಗಂಟಲಿಗೆ ಹೊಂದುವ ಮಾತ್ರೆ

ಬೆಳ್ಳಾರೆ
೧೪ ಅಕ್ಟೋಬರ್ ೨೦೨೪

ಹಾರಿಸ್,

ಎರಡು ವರ್ಷದ ಹಿಂದೆ ಪೆರಾಬೆಯ ಕಬಡ್ಡಿ ಮೈದಾನದಲ್ಲಿ, ಎರಡು ಸಾವಿರ ಜನರ ಎದುರು, ನಾನು ರೆಫರಿಯ ಮೇಲೆ ಹಾರಾಡುತ್ತಿದ್ದಾಗ ನೀನು ಮೈಕಿನಲ್ಲಿ ಹೇಳಿದ ಮಾತು ನಿನಗೆ ನೆನಪಿರಬಹುದು. "ಉದಯಣ್ಣನಿಗೆ ಒಮ್ಮೆ ಬಿಪಿ ನೋಡಿಸಿ ಮಾರಾಯ್ರೆ!" ಜನ ನಕ್ಕರು. ನಾನು ಮೈಕ್ ಕೆಳಗಿಟ್ಟು ಆಟದ ನಡುವೆಯೇ ಬಸ್ಸು ಹತ್ತಿದೆ. ಹದಿನೆಂಟು ವರ್ಷದ ಜೋಡಿ ವೀಕ್ಷಕ ವಿವರಣೆ ಅಲ್ಲಿಗೆ ಮುಗಿಯಿತು. ಪ್ರಾಸ ನನ್ನೊಟ್ಟಿಗೆ ಬಂತು, ಅಂಕಿ-ಅಂಶ ನಿನ್ನೊಟ್ಟಿಗೆ ಉಳಿಯಿತು.

ವಿಷಯ ಇಷ್ಟೇ. ಹೋದ ವಾರ ಆರೋಗ್ಯ ಕೇಂದ್ರದವರು ನಮ್ಮ ಹಾಲಿನ ಸೊಸೈಟಿಗೆ ಬಂದು ಎಲ್ಲರ ಬಿಪಿ ನೋಡಿದರು. ದಿನಾ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸುವ ಕಾರ್ಯದರ್ಶಿಯಾದ ನನ್ನ ತೋಳಿಗೂ ಪಟ್ಟಿ ಕಟ್ಟಿದರು. ನೂರ ಎಪ್ಪತ್ತಾರು, ನೂರ ಎಂಟು. ಮೂರು ದಿನ ಬಿಟ್ಟು ನೋಡಿದರೂ ಅದೇ. ನೀರು ಬೆರೆಸಿ ಇಳಿಸುವ ಹಾಗೂ ಇಲ್ಲ.

ನೀನು ಹೇಳಿದ್ದು ಸರಿ. ಎರಡು ಸಾವಿರ ಜನರ ಎದುರು ಹೇಳಿದ್ದು ತಪ್ಪು. ಎರಡೂ ನಿಜ. ಮೊದಲನೆಯದನ್ನು ಒಪ್ಪಿಕೊಳ್ಳಲು ಈ ಕಾಗದ.

ಡಾಕ್ಟರ್ ಮೋಕ್ಷಿತಾ ಎಂಬ ಹುಡುಗಿ, ನನ್ನ ಅರ್ಧ ವಯಸ್ಸು, ನನ್ನ ಎರಡರಷ್ಟು ಗಾಂಭೀರ್ಯ, ಬೆಳಿಗ್ಗೆಗೊಂದು ಮಾತ್ರೆ ಬರೆದಿದ್ದಾಳೆ. ಹೆಸರು 'ಡಿಪಿನ್' ಎಂದು ಮುಗಿಯುತ್ತದೆ. ನಾಲ್ಕು ದಿನಕ್ಕೇ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿದೆ. ಸೇವಂತಿ ನೋಡಿ, "ಗಂಡ ದಪ್ಪ ಆಗದಿದ್ದರೂ ಗಂಡನ ಕಾಲು ದಪ್ಪ ಆಯ್ತು" ಎಂದಳು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವಳಿಂದ ಬಂದ ಮೊದಲ ಹೊಗಳಿಕೆ ಎಂದು ಇಟ್ಟುಕೊಂಡಿದ್ದೇನೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಮೊದಲು 'ಹಲೋ' ಹೇಳಿದವ ಸೋತ ಹಾಗೆ. ಕಾಗದದಲ್ಲಿ ಆ ಭಯ ಇಲ್ಲ. ಪುತ್ತೂರಿಗೆ ಹೋಗುವ ಕುಕ್ಕಪ್ಪನ ಬಸ್ಸಿನಲ್ಲಿ ಕೊಡುತ್ತಿದ್ದೇನೆ, ಕುಂಬ್ರದಲ್ಲಿ ನಿನ್ನ ಅಂಗಡಿಗೆ ಎಸೆಯುತ್ತಾನೆ. ಉತ್ತರ ಬೇಕಾಗಿಲ್ಲ.

ಒಪ್ಪಿಕೊಂಡವ,
ಉದಯ


ಕುಂಬ್ರ
೨೫ ಅಕ್ಟೋಬರ್ ೨೦೨೪

ಉದಯ,

ಉತ್ತರ ಬೇಕಾಗಿಲ್ಲ ಎಂದು ಬರೆದವ ಲಕೋಟೆಯೊಳಗೆ ಖಾಲಿ ಲಕೋಟೆ ಇನ್ನೊಂದು ಯಾಕೆ ಇಟ್ಟಿದ್ದು?

ಆವತ್ತು ಎರಡು ಸಾವಿರ ಜನ ಇರಲಿಲ್ಲ. ಸಾವಿರದ ನಾನೂರು. ಗ್ಯಾಲರಿ ಎರಡು ಬದಿ ಮಾತ್ರ ತುಂಬಿತ್ತು.

ಕಾಲು ಊದಿದ್ದನ್ನು ನನಗೆ ಬರೆದು ಪ್ರಯೋಜನ ಇಲ್ಲ, ಆ ಡಾಕ್ಟರಿಗೆ ಹೇಳು. ನನ್ನ ಉಮ್ಮ ಕದೀಜಮ್ಮನಿಗೆ ಇಪ್ಪತ್ತೆರಡು ವರ್ಷದಿಂದ ಬಿಪಿ. ಮೂರು ಸಲ ಮಾತ್ರೆ ಬದಲಾಗಿದೆ. ಮೊದಲನೆಯದರಲ್ಲಿ ಎದ್ದ ಕೂಡಲೇ ತಲೆ ತಿರುಗುತ್ತಿತ್ತು, ಎರಡನೆಯದು ನಿನ್ನದೇ, ಕಾಲು ಊದಿತು. ಈಗಿನದು ಹೊಂದಿ ಒಂಬತ್ತು ವರ್ಷ. ಉಮ್ಮ ಹೇಳುವುದು, "ಮಾತ್ರೆ ಅಂದರೆ ಚೆಪ್ಪಲಿ ಇದ್ದ ಹಾಗೆ. ಅಂಗಡಿಯಲ್ಲಿ ಚೆಂದ ಕಂಡು ಎಂತ ಆಗುದು? ನಡೆದು ನೋಡಬೇಕು."

ನಿನ್ನಷ್ಟಕ್ಕೆ ನಿಲ್ಲಿಸಬೇಡ. ಅದೊಂದು ಮಾತ್ರ ಮಾಡಬೇಡ.

ಇನ್ನೊಂದು. ಕಡಬದ ಪಂದ್ಯಾಟದ ಯಜ್ಞೇಶ್ವರಣ್ಣ ಅಂಗಡಿಗೆ ಬಂದಿದ್ದರು. ಫೆಬ್ರವರಿ ಇಪ್ಪತ್ತೆರಡಕ್ಕೆ ಹೊನಲು ಬೆಳಕಿನ ಪಂದ್ಯ. "ಜೋಡಿಯಾಗಿ ಬರುದಾದರೆ ಮೈಕ್ ನಿಮಗೆ. ಇಲ್ಲದಿದ್ದರೆ ಮಂಗಳೂರಿನವರು" ಎಂದರು. ಚಹಾ ಕುಡಿಸಿ ಕಳಿಸಿದೆ.

ಹಾರಿಸ್


ಬೆಳ್ಳಾರೆ
೨ ಡಿಸೆಂಬರ್ ೨೦೨೪

ಹಾರಿಸ್,

ಕಾಲಿನ ವಿಷಯ ಡಾಕ್ಟರಿಗೆ ಹೇಳಿದೆ. ಮಾತ್ರೆ ಬದಲಾಯಿತು. ಹೊಸದು 'ಪ್ರಿಲ್' ಎಂದು ಮುಗಿಯುತ್ತದೆ. ಬಾವು ಇಳಿಯಿತು, ಬಿಪಿ ನೂರ ನಲವತ್ತೆರಡಕ್ಕೆ ಬಂತು.

ಕಾಯುವ ಬೆಂಚಿನಲ್ಲಿ ಕೂತು ಅಕ್ಕಪಕ್ಕದವರ ಚೀಟಿ ಓದಿ ಒಂದು ಸಂಗತಿ ಕಂಡುಹಿಡಿದೆ. ಬಿಪಿ ಮಾತ್ರೆಗಳಿಗೆ ಅಂತ್ಯಪ್ರಾಸ ಉಂಟು! ಒಂದು ಮನೆತನದ್ದೆಲ್ಲ ಡಿಪಿನ್, ಒಂದರದ್ದೆಲ್ಲ ಪ್ರಿಲ್, ಮತ್ತೊಂದರದ್ದು ಸಾರ್ಟನ್, ಇನ್ನೊಂದರದ್ದು ಲಾಲ್. ಹೆಸರಿನ ಬಾಲ ನೋಡಿಯೇ ಕುಲ ಹೇಳಬಹುದು. ಔಷಧಿ ಲೋಕದಲ್ಲಿ ನಾಮಕರಣಕ್ಕೆ ಕೂತವ ಯಾರೋ ನನ್ನಂಥವ. ನಾನು ಡಾಕ್ಟರಿಗೆ ಹೇಳಿದೆ, ಅವಳು ಮೊದಲ ಬಾರಿ ನಕ್ಕಳು. "ಪ್ರಾಸ ಒಂದೇ ಇದ್ದರೂ ಎಲ್ಲರಿಗೂ ಹೊಂದುದಿಲ್ಲ ಸರ್. ವಯಸ್ಸು, ಶುಗರ್, ಕಿಡ್ನಿ, ಮಾಡುವ ಕೆಲಸ ಎಲ್ಲ ನೋಡಿ ಕೊಡುದು." ಮಾಡುವ ಕೆಲಸ ಎಂತ ಎಂದು ಕೇಳಿದಳು. ಹಾಲಿನ ಸೊಸೈಟಿ ಎಂದೆ. ಮೈಕಿನ ವಿಷಯ ಹೇಳಲಿಲ್ಲ. ಎರಡು ವರ್ಷದಿಂದ ಒಬ್ಬನೇ ಮಾಡುವುದು ಕೆಲಸದ ಹಾಗೆ ಅನಿಸುವುದೂ ಇಲ್ಲ.

ಆದರೆ ಗಂಟಲು ಕೈಕೊಟ್ಟಿದೆ. ಎರಡು ವಾರದಿಂದ ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಯಾರೋ ಕೋಳಿ ಪುಕ್ಕ ಆಡಿಸಿದ ಹಾಗೆ. ಮೊನ್ನೆ ಒಂದು ಪಂದ್ಯದಲ್ಲಿ, "ಬಂದ ನೋಡಿ ಬಲದ ಮೂಲೆಯಿಂದ, ಹೋಗುವುದು ಹೇಗೆ ಈ..." ಎನ್ನುವಾಗ ಕೆಮ್ಮು ಬಂತು. 'ಬಲೆಯಿಂದ' ಹೇಳುವಷ್ಟರಲ್ಲಿ ದಾಳಿಗಾರ ಮೂವರನ್ನು ಮುಟ್ಟಿ ಮನೆಗೆ ಹೋಗಿ ಆಗಿತ್ತು. ಪ್ರಾಸ ತಡವಾದರೆ ಅದು ಪ್ರಾಸ ಅಲ್ಲ, ಪಶ್ಚಾತ್ತಾಪ.

ಎಲ್ಲರೂ ಅಡಿಕೆ ಸುಲಿಯುವ ಧೂಳು ಎನ್ನುತ್ತಾರೆ. ಇರಬಹುದು. ಕಡಬಕ್ಕೆ ಎರಡೂವರೆ ತಿಂಗಳು ಉಂಟು. ಯಜ್ಞೇಶ್ವರಣ್ಣನಿಗೆ ನಾನು ಹೂಂ ಎಂದಿದ್ದೇನೆ. ಗಂಟಲು ಹೂಂ ಎನ್ನಬೇಕು, ನೀನೂ ಎನ್ನಬೇಕು.

ಕೆಮ್ಮುತ್ತಾ,
ಉದಯ


ಕುಂಬ್ರ
೫ ಡಿಸೆಂಬರ್ ೨೦೨೪

ಉದಯ,

ನಾನು ಬರುತ್ತೇನೆ. ನಿನ್ನ ಗಂಟಲಿಗಾಗಿ ಇದರೊಟ್ಟಿಗೆ ಅರ್ಧ ಕಿಲೋ ಜ್ಯೇಷ್ಠಮಧು ಕಳಿಸಿದ್ದೇನೆ. ಹೊಸ ಮಾಲು, ಬೆರಳು ದಪ್ಪದ ಬೇರು, ಮುರಿದರೆ ಹಳದಿ. ಅಜ್ಜನ ಕಾಲದಿಂದ ಬೇರು-ನಾರು ಮಾರುವ ಅಂಗಡಿ, ಇಂಥದ್ದು ನಾನು ನೋಡಿದ್ದು ಕಡಿಮೆ. ಮೊದಲು ಪಂದ್ಯದ ದಿನ ಮಾತ್ರ ನಾವಿಬ್ಬರೂ ಒಂದೊಂದು ತುಂಡು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದೆವಲ್ಲ. ಈಗ ದಿನಾ ಇಡು. ಬೆಳಗಿನಿಂದ ಸಂಜೆವರೆಗೆ ಇಡು. ಮರದ ತುಂಡು, ಇಟ್ಟರೆ ಎಂತ ಆಗುತ್ತದೆ?

ಕುಕ್ಕಪ್ಪ ಕಟ್ಟು ತೆಗೆದುಕೊಳ್ಳುವಾಗ, "ಇಬ್ಬರ ಕೈಯಲ್ಲೂ ಮೊಬೈಲ್ ಉಂಟು, ಬಾಯಿಯೂ ಉಂಟು. ನನ್ನ ಬಸ್ಸು ಎಂತಕ್ಕೆ ಮಾರಾಯ್ರೆ ನಿಮಗೆ?" ಎಂದ. ಒಂದು ತುಂಡು ಅವನ ಬಾಯಿಗೂ ಕೊಟ್ಟೆ.

ಹಾರಿಸ್


ಬೆಳ್ಳಾರೆ
೩ ಜನವರಿ ೨೦೨೫

ಹಾರಿಸ್,

ಬೇರು ದೇವಲೋಕದ್ದು. ಬಾಯಲ್ಲಿ ಇರುವಷ್ಟು ಹೊತ್ತು ಗಂಟಲು ರೇಷ್ಮೆ. ಉಗಿದ ಕೂಡಲೇ ತೆಂಗಿನ ನಾರು. ಹಾಗಾಗಿ ಉಗಿಯುವುದನ್ನೇ ಬಿಟ್ಟಿದ್ದೇನೆ. ನಿನ್ನ ಅರ್ಧ ಕಿಲೋದಲ್ಲಿ ಮುಕ್ಕಾಲು ಪಾಲು ಮುಗಿಯಿತು.

ಆದರೆ ಬಿಪಿಗೆ ಬುದ್ಧಿ ಬರಲಿಲ್ಲ. ನೂರ ನಲವತ್ತೆರಡಕ್ಕೆ ಇಳಿದದ್ದು ಮತ್ತೆ ನೂರ ಅರವತ್ತೆಂಟು. ಡಾಕ್ಟರ್ ಹುಬ್ಬು ಗಂಟಿಕ್ಕಿ, "ಉಪ್ಪಿನಕಾಯಿ ತಿಂತೀರಾ? ಒಣಮೀನು? ನೋವಿನ ಮಾತ್ರೆ? ಬೇರೆ ಏನಾದರೂ ಮದ್ದು ತಗೊಳ್ತೀರಾ?" ಎಂದು ಒಂದೊಂದೇ ಕೇಳಿದಳು. ಏನೂ ಇಲ್ಲ ಎಂದೆ. ಮಾತ್ರೆಯ ಪ್ರಮಾಣ ಎರಡರಷ್ಟು ಮಾಡಿದಳು. ಕೆಮ್ಮೂ ಎರಡರಷ್ಟಾಯಿತು. ಬೇರೂ ಎರಡರಷ್ಟಾಯಿತು. ಈಗ ಕಾಲು ಮತ್ತೆ ಊದಿದೆ, ಮೀನಖಂಡ ಸೆಳೆಯುತ್ತದೆ, ಹಾಲಿನ ಕ್ಯಾನ್ ಎತ್ತಲು ಕೈ ಬರುವುದಿಲ್ಲ.

ಗಂಟಲಿದ್ದರೆ ತಾನೇ ಕಡಬ? ನಾನೊಂದು ತೀರ್ಮಾನ ಮಾಡಿದ್ದೇನೆ. ಇಷ್ಟೆಲ್ಲ ಶುರುವಾದದ್ದು ಮಾತ್ರೆ ಶುರುವಾದ ಮೇಲೆ. ಮಾತ್ರೆಗೆ ಮೊದಲು ನನ್ನಲ್ಲಿ ಇದ್ದದ್ದು ಬಿಪಿ ಒಂದೇ. ಅದು ನೋಯುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ, ಮೈಕಿನಲ್ಲಿ ಅಡ್ಡ ಬರುತ್ತಿರಲಿಲ್ಲ. ಬರುವ ಸೋಮವಾರದಿಂದ ಫೆಬ್ರವರಿ ಇಪ್ಪತ್ತೆರಡರವರೆಗೆ ಮಾತ್ರೆಗೆ ರಜೆ.

ಮಾತ್ರೆಯ ಬಿಟ್ಟು ನೋಡುವೆ,
ಮೈಕನು ಹಿಡಿದು ಹಾಡುವೆ.

ಸೇವಂತಿಗೆ ಹೇಳಿಲ್ಲ. ನಿನಗೆ ಮಾತ್ರ.

ಗಟ್ಟಿ ಮನಸ್ಸಿನ,
ಉದಯ


ಕುಂಬ್ರ
೪ ಜನವರಿ ೨೦೨೫, ಬಸ್ಸು ಬರಲು ಇಪ್ಪತ್ತು ನಿಮಿಷ

ಉದಯ,

ಬಿಡಬೇಡ.

ನನ್ನ ಬಾಪ ಅದ್ರಾಮನನ್ನು ಕೊನೆಯ ನಾಲ್ಕು ವರ್ಷ ನೀನು ನೋಡಿದ್ದೆ. ಅರ್ಧ ಬಾಯಿಯಲ್ಲಿ ಮಾತು, ಬಲಗೈ ಮಡಿಲಲ್ಲಿ. ಅಂಗಡಿಯ ಬೆಂಚಿನಲ್ಲಿ ಕೂತು ನಿನ್ನ ಪ್ರಾಸ ಕೇಳಿ ಅರ್ಧ ನಗುತ್ತಿದ್ದರು. ಹೇಗಾಯಿತು ಎಂದು ನೀನು ಕೇಳಿದಾಗ 'ಒಮ್ಮೆಲೇ' ಎಂದಿದ್ದೆ. ಒಮ್ಮೆಲೇ ಅಲ್ಲ. ಬಿಪಿಗೆಂದು ಅವರಿಗೆ ಕೊಟ್ಟದ್ದು ನೀರು ಹೋಗುವ ಮಾತ್ರೆ. ಸಂತೆಯ ದಿನ ಅಂಗಡಿ ಬಿಟ್ಟು ನಾಲ್ಕು ಸಲ ಮೂತ್ರಕ್ಕೆ ಹಿಂದೆ ಓಡಬೇಕು. ಮೊದಲು ಸಂತೆಯ ದಿನ ಮಾತ್ರ ಬಿಟ್ಟರು. ಆಮೇಲೆ ಎಲ್ಲ ದಿನ. ಆರು ವಾರ. ಏನೂ ಆಗಲಿಲ್ಲ, ನೋವಿಲ್ಲ, ತಲೆಸುತ್ತಿಲ್ಲ. ಏಳನೆಯ ವಾರ ಕೊತ್ತಂಬರಿ ತೂಗುತ್ತಾ ತಕ್ಕಡಿಯ ಮೇಲೆ ಬಿದ್ದರು.

ಬೇರೆ ಮಾತ್ರೆ ಉಂಟೆಂದು, ಬದಲಿಸಿ ಕೊಡಿ ಎಂದು ಕೇಳಬಹುದೆಂದು, ಬಾಪನಿಗೆ ಗೊತ್ತಿರಲಿಲ್ಲ. ಬಿಟ್ಟದ್ದು ನನಗೆ ಗೊತ್ತಿತ್ತು. ನಾನು ಕೇಳಲಿಲ್ಲ.

ಪೆರಾಬೆಯಲ್ಲಿ ನಿನ್ನ ಮುಖ ಕೆಂಪಾಗಿ ಕತ್ತಿನ ನರ ಎದ್ದು ನಿಂತಿತ್ತು. ಬಾಪ ಗಿರಾಕಿಗಳ ಮೇಲೆ ರೇಗುವಾಗ ಹಾಗೇ ಇತ್ತು. ನನ್ನ ಕೈಯಲ್ಲಿ ಮೈಕ್ ಇತ್ತು. ಹೇಳಿದೆ. ಜನ ನಕ್ಕರು, ನಾನು ನಕ್ಕಿರಲಿಲ್ಲ. ನೀನು ನನ್ನ ಕಡೆ ನೋಡದೆ ಹೋದೆ.

ಈಗ ಮಾಡಬೇಕಾದ್ದು. ಗುರುವಾರ ಆ ಡಾಕ್ಟರ ಹತ್ತಿರ ಹೋಗು, ಸೇವಂತಿಯಕ್ಕನನ್ನು ಕರೆದುಕೊಂಡು. ಒಂದು ಚೀಲದಲ್ಲಿ ನಿನ್ನ ಬಾಯಿಗೆ ಹೋಗುವುದೆಲ್ಲ ಹಾಕಿ ಅವರ ಮೇಜಿನ ಮೇಲೆ ಸುರಿ. ಉಮ್ಮನ ಡಾಕ್ಟರು ಹಾಗೇ ಮಾಡಿಸುವುದು. ಮೈಕಿನ ವಿಷಯವನ್ನೂ ಹೇಳು. ನಿನ್ನ ಕೆಲಸ ಗಂಟಲಿನದ್ದು ಎಂದು ಅವರಿಗೆ ಗೊತ್ತಿಲ್ಲದೆ ಹೊಂದುವ ಮಾತ್ರೆ ಎಲ್ಲಿಂದ ಕೊಡುವುದು?

ಕುಕ್ಕಪ್ಪ ಹಾರ್ನ್ ಹಾಕುತ್ತಿದ್ದಾನೆ.

ಹಾರಿಸ್


ಬೆಳ್ಳಾರೆ
೧೧ ಜನವರಿ ೨೦೨೫

ಹಾರಿಸ್,

ಬಿಟ್ಟಿಲ್ಲ. ಒಂದು ದಿನವೂ.

ಚೀಲ ಕೊಂಡು ಹೋದೆ. ಸೇವಂತಿ ಮೇಜಿನ ಮೇಲೆ ಸುರಿದಳು. ಡಾಕ್ಟರ್ ಒಂದೊಂದೇ ಎತ್ತಿ ನೋಡಿದಳು. ಮೈಕಿನ ವಿಷಯ, ಕೆಮ್ಮಿನ ವಿಷಯ ಹೇಳಿದ ಕೂಡಲೇ ತಲೆಗೆ ಕೈ ಇಟ್ಟುಕೊಂಡಳು. "ಸರ್, ಕೆಮ್ಮು ಉಂಟು ಅಂತ ನೀವು ನಂಗೆ ಒಂದು ಸಲವಾದ್ರೂ ಹೇಳಿದ್ರಾ? ಈ ಪ್ರಿಲ್ ಜಾತಿಯ ಮಾತ್ರೆಯಲ್ಲಿ ಕೆಲವರಿಗೆ ಒಣಕೆಮ್ಮು ಬರ್ತದೆ." ನಾನು, "ನೀವು ಬಿಪಿ ಡಾಕ್ಟ್ರು ಅಲ್ವಾ, ಗಂಟಲು ಬೇರೆ ಇಲಾಖೆ ಅಂತ ಮಾಡಿದೆ" ಎಂದೆ. ಸೇವಂತಿ, "ಇವರು ಸರಕಾರಿ ಕಚೇರಿಗೆ ಹೋಗಿ ಹೋಗಿ ಹೀಗಾದ್ದು ಡಾಕ್ಟ್ರೆ" ಎಂದಳು.

ಅಡಿಕೆ ಧೂಳಿನದ್ದು ತಪ್ಪಿಲ್ಲ. ಎರಡು ತಿಂಗಳು ಅದನ್ನು ಸುಮ್ಮನೆ ಬೈದೆವು.

ರಕ್ತ ಪರೀಕ್ಷೆ ಆಯಿತು. ಪೊಟ್ಯಾಸಿಯಂ ಕಡಿಮೆ ಇತ್ತು, ಅದಕ್ಕೆ ಬೇರೆ ಮದ್ದು ಕೊಟ್ಟಳು. ಬಿಪಿಗೆ 'ಸಾರ್ಟನ್' ಮನೆತನದ ಮಾತ್ರೆ. ಗಂಟಲಿನ ತಂಟೆಗೆ ಬರುವುದು ಬಹಳ ಅಪರೂಪ ಅಂತೆ. ಕೆಮ್ಮು ಹೋಗಲು ಕೆಲವು ವಾರ ಬೇಕು.

ಪಿನ್ನು ಕಾಲಿಗೆ ತಂದಿತು ಬಾವು,
ಪ್ರಿಲ್ಲು ಗಂಟಲಿಗೆ ಕೊಟ್ಟಿತು ನೋವು,
ಸಾರ್ಟನ್ ಬಂತು, ನೋಡುವ ನಾವು.

ಬೇರು ಸಾಕು, ಇನ್ನು ಕಳಿಸಬೇಡ. ಲವಂಗ ಅಭ್ಯಾಸ ಮಾಡಿಕೊಂಡಿದ್ದೇನೆ.

ಬಾಪನ ವಿಷಯ ಮೂರು ಸಲ ಓದಿದೆ. ಆ ದಿನ ನಿನ್ನ ಕಡೆ ತಿರುಗಿ ನೋಡಬೇಕಿತ್ತು.

ಉದಯ


ಕುಂಬ್ರ
೩೦ ಜನವರಿ ೨೦೨೫

ಉದಯ,

ಹದಿನೆಂಟು ವರ್ಷದಲ್ಲಿ ನೀನು ಜ್ಯೇಷ್ಠಮಧು 'ಸಾಕು' ಎಂದದ್ದು ಸೊನ್ನೆ ಸಲ. ಲವಂಗ ಕಂಡರೆ ನಿನಗೆ ಆಗುವುದಿಲ್ಲ, ಬಿರಿಯಾನಿಯಿಂದ ಹೆಕ್ಕಿ ನನ್ನ ಬಟ್ಟಲಿಗೆ ಹಾಕುತ್ತಿದ್ದೆ. ಆ ಒಂದು ಸಾಲನ್ನು ಮೂರು ವಾರ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಆಮೇಲೆ ಇಲ್ಲಿನ ಮೆಡಿಕಲ್ ಅಂಗಡಿಯ ಮುನವ್ವರನಲ್ಲಿ ಕೇಳಿದೆ. "ಅಜ್ಜನ ಕಾಲದಿಂದ ಮಾರ್ತೀಯ, ನಿಂಗೆ ಗೊತ್ತಿಲ್ವಾ? ದಿನಾ ತಿಂದ್ರೆ ಅದು ಬಿಪಿ ಏರಿಸ್ತದೆ ಮಾರಾಯ. ಪೊಟ್ಯಾಸಿಯಂ ಇಳಿಸ್ತದೆ. ಕಾಲು ಊದ್ತದೆ" ಎಂದ. ನಿನ್ನ ಜನವರಿ ಮೂರರ ಕಾಗದವನ್ನೇ ಓದಿ ಹೇಳಿದ ಹಾಗೆ.

ಡಾಕ್ಟರು ಚೀಲದಿಂದ ನನ್ನ ಅಂಗಡಿಯ ಕಟ್ಟನ್ನು ಎತ್ತಿದ್ದಾರೆ. ನೀನು ನನಗೆ ಅದೊಂದನ್ನು ಬರೆಯಲಿಲ್ಲ.

ನಾನು ನಿನಗೆ ಮಾತ್ರೆ ಬಿಡಬೇಡ ಎಂದೆ, ಮಾತ್ರೆಯ ಎದುರು ನಿಲ್ಲುವುದನ್ನು ನಾನೇ ಅರ್ಧ ಕಿಲೋ ಕಟ್ಟಿ ಕಳಿಸಿದೆ.

ಅಂಗಡಿಯಲ್ಲಿ ಬೋರ್ಡು ಹಾಕುತ್ತೇನೆ. ನೇರವಾಗಿ ಬರೆದರೆ ಯಾರೂ ಓದುವುದಿಲ್ಲ. ಎರಡು ಸಾಲು ನಿನ್ನದು ಬೇಕು.

ಹಾರಿಸ್


ಬೆಳ್ಳಾರೆ
೮ ಫೆಬ್ರವರಿ ೨೦೨೫

ಹಾರಿಸ್,

ತಪ್ಪು ನಿನ್ನದಲ್ಲ. ಬೇರೆ ಮದ್ದು ಉಂಟಾ ಎಂದು ಅವಳು ಕೇಳಿದಾಗ ಜ್ಯೇಷ್ಠಮಧು ನನ್ನ ಬಾಯಲ್ಲೇ ಇತ್ತು. ದವಡೆಯ ಸಂದಿಗೆ ತಳ್ಳಿ 'ಏನೂ ಇಲ್ಲ' ಎಂದೆ. ಸುಳ್ಳು ಹೇಳಲಿಲ್ಲ. ಮೈಕಿನವರಿಗೆ ಅದು ಮದ್ದು ಅಲ್ಲ ತಾನೆ? ವಯರು, ಆಂಪ್ಲಿಫಯರು, ಜ್ಯೇಷ್ಠಮಧು. ಸಾಮಾನಿನ ಪಟ್ಟಿಯಲ್ಲಿ ಬರುವಂಥದ್ದು. ಅದನ್ನು ಮದ್ದೆಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೊನ್ನೆ ನೋಡಿದ್ದು ನೂರ ಇಪ್ಪತ್ತೆಂಟು, ಎಂಬತ್ತೆರಡು. ಕೆಮ್ಮು ದಿನಕ್ಕೆ ನಾಲ್ಕೈದು. ಕಾಲಿಗೆ ಹಳೆ ಚಪ್ಪಲಿ ಹಿಡಿಯುತ್ತದೆ. ಮಾತ್ರೆ ಹೊಂದಿತು. ನಡೆದು ನೋಡಿಯೇ ಹೇಳುತ್ತಿದ್ದೇನೆ, ನಿನ್ನ ಉಮ್ಮನಿಗೆ ತಿಳಿಸು.

ಬೋರ್ಡಿಗೆ:

ಗಂಟಲಿಗೆ ಹಿತ, ಒತ್ತಡಕ್ಕೆ ಅಹಿತ;
ಬಿಪಿ ಇದ್ದವರು ಕೇಳಿ ಡಾಕ್ಟರ ಮತ.

ಒಂದು ಮಾತು. ನಿನ್ನ ಹಿಂದಿನ ಕಾಗದದ ಮೂಲೆಯಲ್ಲಿ ಹಳದಿ ಕಲೆ ಇತ್ತು, ಜಗಿದ ನಾರು ಅಂಟಿತ್ತು. ಬೋರ್ಡಿನ ಬಗ್ಗೆ ಬರೆದೆ, ನಿನ್ನ ದವಡೆಯ ಬಗ್ಗೆ ಬರೆಯಲಿಲ್ಲ. ಬಾಪನಿಗೆ ಬಿಪಿ ಇತ್ತು, ಉಮ್ಮನಿಗೆ ಉಂಟು. ನಿನ್ನದು ಎಷ್ಟು?

ಕಡಬದಲ್ಲಿ ಸಿಗುವ,
ಉದಯ


ಬೆಳ್ಳಾರೆ
೨೪ ಫೆಬ್ರವರಿ ೨೦೨೫

ಹಾರಿಸ್,

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಕಡಬದ ಮೈದಾನದಲ್ಲಿ ಮೈಕಿನ ಮೇಜಿನ ಹಿಂದೆ ಪಕ್ಕ ಪಕ್ಕ ಕೂತಾಗಲೂ ಕೇಳಿದೆ. ನೀನು, "ಎಡದ ಮೂಲೆಯವ ಈ ಋತುವಿನಲ್ಲಿ ಹದಿನಾರು ಹಿಡಿದಿದ್ದಾನೆ" ಎಂದೆ. ಮೊದಲ ಅರ್ಧದಲ್ಲಿ ನಾವು ಹೇಗಿದ್ದೆವು ಎಂದು ನಾನು ಬರೆಯಬೇಕಾಗಿಲ್ಲ. ಎರಡು ವರ್ಷ ಮಧ್ಯದಲ್ಲಿ ಇರಲೇ ಇಲ್ಲ ಎಂಬಂತಿತ್ತು.

ಆಮೇಲೆ ನೀನು ಅಂಕ ಹೇಳುತ್ತಾ ಹೇಳುತ್ತಾ ಹಣೆ ಒತ್ತಿಕೊಂಡೆ. ನಿನ್ನ ಕತ್ತಿನಲ್ಲಿ ನರ ಎದ್ದಿತ್ತು. ನನ್ನ ಕೈಯಲ್ಲಿ ಮೈಕ್ ಇತ್ತು.

"ಹಾರಿಸಣ್ಣನಿಗೆ ಒಮ್ಮೆ ಬಿಪಿ ನೋಡಿಸಿ ಮಾರಾಯ್ರೆ!"

ಜನ ನಕ್ಕರು. ನಾನು ನಗಲಿಲ್ಲ. ನೀನು ಮೈಕ್ ಕೆಳಗಿಟ್ಟು, ನನ್ನ ಕಡೆ ನೋಡದೆ, ಗ್ಯಾಲರಿಯ ಹಿಂದೆ ಹೋದೆ. ಹಿಂದಿರುಗಿ ಬರಲಿಲ್ಲ. ಎರಡನೆಯ ಅರ್ಧ ನಾನೊಬ್ಬನೇ ಮುಗಿಸಿದೆ.

ಸೇಡಿಗೆ ಹೇಳಿದ್ದಲ್ಲ. ಅಷ್ಟೇ ಬರೆಯಬೇಕಿತ್ತು. ಇದಕ್ಕೆ ಪ್ರಾಸ ಹುಡುಕಲಿಲ್ಲ.

ಉದಯ


ಕುಂಬ್ರ
೨೬ ಫೆಬ್ರವರಿ ೨೦೨೫

ಉದಯ,

ಸಿಟ್ಟಿನಿಂದ ಎದ್ದದ್ದಲ್ಲ. ಗ್ಯಾಲರಿಯ ಹಿಂದೆ ಆಂಬುಲೆನ್ಸ್ ನಿಂತಿತ್ತು, ನೀನೇ ಎರಡು ಸಲ ಮೈಕಿನಲ್ಲಿ ಅದಕ್ಕೆ ದಾರಿ ಬಿಡಿಸಿದ್ದೆ. ನೇರ ಅಲ್ಲಿಗೆ ಹೋದೆ. ನರ್ಸಮ್ಮ ನೋಡಿದರು, ಹದಿನೈದು ನಿಮಿಷ ಕೂರಿಸಿ ಮತ್ತೆ ನೋಡಿದರು. ನೂರ ಅರವತ್ತನಾಲ್ಕು, ನೂರ ಎರಡು. "ನೀವು ಇವತ್ತು ಮೈಕಿಗೆ ಹೋಗುದು ಬೇಡ. ಇಲ್ಲೇ ಕೂತುಕೊಳ್ಳಿ" ಎಂದರು. ಬಾಯಲ್ಲಿ ಎಂತ ಎಂದು ಕೇಳಿದರು. ಉಗಿದು ತೋರಿಸಿದೆ.

ನಿನ್ನೆ ಪುತ್ತೂರಿನ ಡಾಕ್ಟರಲ್ಲಿಗೆ ಹೋದೆ, ಚೀಲ ಹಿಡಿದುಕೊಂಡು. ಬೇರು ಪೂರಾ ಬಂದ್, ಉಪ್ಪು ಕಡಿಮೆ, ಎರಡು ವಾರ ಬಿಟ್ಟು ಮತ್ತೆ ನೋಡಿ ನನಗೆ ಯಾವ ಮಾತ್ರೆ ಎಂದು ಹೇಳುತ್ತಾರಂತೆ. ನಿನ್ನದನ್ನೇ ಕೊಡಿ ಎಂದು ಕೇಳಿದೆ. "ಅವರದ್ದು ಅವರಿಗೆ ಹೊಂದಿದ್ದು, ನಿಮ್ಮದು ನೋಡಿ ಹೇಳುವ" ಎಂದರು. ಉಮ್ಮ ಚಪ್ಪಲಿಯ ಮಾತನ್ನು ಮತ್ತೆ ಹೇಳಿದರು. ಬೋರ್ಡು ಹಾಕಿ ಆಯಿತು. ಮೊದಲ ಗಿರಾಕಿ ನಾನೇ.

ಎರಡನೆಯ ಅರ್ಧವನ್ನು ಆಂಬುಲೆನ್ಸಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದೆ. ಅಭ್ಯಾಸ ಹೋಗುವುದಿಲ್ಲ, ನರ್ಸಮ್ಮನ ಚೀಟಿಯ ಹಿಂದೆ ಬರೆದಿಟ್ಟಿದ್ದೇನೆ. ದಾಳಿ ನಲವತ್ತೊಂದು. ಪ್ರಾಸ ಇಪ್ಪತ್ತೇಳು, ಅದರಲ್ಲಿ ಸರಿಯಾದದ್ದು ಇಪ್ಪತ್ತಮೂರು. ಕೆಮ್ಮು ಸೊನ್ನೆ.

ಇನ್ನು ಕುಕ್ಕಪ್ಪನ ಬಸ್ಸಿಗೆ ತೊಂದರೆ ಕೊಡುವುದು ಬೇಡ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ, ಸಂಜೆ ಆರಕ್ಕೆ, ನಿನ್ನ ಫೋನ್ ರಿಂಗ್ ಆಗುತ್ತದೆ. ಎತ್ತಿ ಸುಮ್ಮನಿರು.

ಹಲೋ ನಾನು ಹೇಳುತ್ತೇನೆ.

ಹಾರಿಸ್